ಇಲಿಯ ಪುರುಡು

ಹೊಸಕೋಟೆ ಬಸ್ ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ನನ್ನ ಪಕ್ಕ ಇಬ್ಬರು ಕೂತಿದ್ದರು. ಕೊರಳಲ್ಲಿ ಪಿಲ್ಲಗುಂಪೆ ಫ್ಯಾಕ್ಟರಿಯ ಐಡಿ ಕಾರ್ಡ್ ಹಾಕಿಕೊಂಡಿದ್ದ ಹೆಣ್ಣುಮಗಳು, ಅವಳ ಊರಿನವರೇ ಆದ ಎಲೆಅಡಿಕೆ ಮೆಲ್ಲುತ್ತಿದ್ದ ಅಜ್ಜಿ.

"ಸಾಕಿದ್ ಬಿಳಿ ಇಲಿ ಮರಿ ಹಾಕ್ತು ಅಂದ್ಯಲ್ಲ ಪ್ರಮೋದಾ, ಹೆಂಗವೆ?"

"ಏಳಿದ್ವು ಅಕ್ಕಯಮ್ಮಜ್ಜಿ. ಬೆಳಿಗ್ಗೆ ಎರಡನ್ನ ತಾಯೇ ಕಚ್ಚಿ ಸಾಯಿಸ್ಬಿಡ್ತು."

"ಯಾರಾದ್ರೂ ಮುಟ್ಟಿದ್ರಾ?"

"ನಮ್ಮತ್ತೆ. ಇಲಿಗೆ ಹನ್ನೊಂದು ದಿನ ಯಾಕೆ, ಮೂರೇ ಸಾಕು, ಪುರುಡು ಕಳೀಲಿ ಅಂತ ನಿನ್ನೆ ಗೂಡೆಲ್ಲ ತೊಳೆದ್ರು. ಮರಿಗಳಿಗೆ ಅರಿಶಿನದ ನೀರು ಹಾಕಿದ್ರು. ಬೀದಿಯೋರೆಲ್ಲ ಬಂದು ನೋಡ್ಕೊಂಡ್ ಹೋದ್ರು."

"ತನ್ನ ವಾಸ್ನೇನೇ ಇಲ್ದಿರೋ ಮರೀನ ತನ್ನದು ಅಂತ ಅದು ಹೆಂಗ್ ನಂಬ್ತದೆ?"

"ಈಗ ಅತ್ತೆ, ಹೆತ್ತಿದ್ದನ್ನೇ ಕೊಲ್ಲೋದು ಮನೇಲಿರ್ಬಾರ್ದು, ಹೊಲಕ್ಕೆ ಬಿಟ್ಬಿಡಿ ಅಂತ ಕೂತವ್ರೆ."

"ಬಿಟ್ರೆ ಮಿಕ್ಕಿದ್ ಐದಕ್ಕೆ ಹಾಲು ಯಾರು ಕೊಡ್ತಾರೆ? ನಾನು ಮೊಲ ಸಾಕಿ ನೋಡಿದೀನಿ ಕಣಮ್ಮ. ಗೂಡಿಗೆ ಬಟ್ಟೆ ಹೊದ್ಸು. ನೀರು, ಬೇಯಿಸಿದ ಮೊಟ್ಟೆ ಇಟ್ಟು ಸುಮ್ನಿರು. ಎರಡು ವಾರ ಯಾರೂ ಮರಿ ಮುಟ್ಬಾರ್ದು, ಇಣುಕ್ಲೂಬಾರ್ದು."

"ನಾನ್ ಹೇಳಿದ್ರೆ ಅತ್ತೆ ಕೇಳಲ್ಲ ಅಜ್ಜಿ."

"ಅವಳ ಬಾಣಂತನ ಮಾಡಿದೋಳು ನಾನೇ. ನಿನ್ ಗಂಡ ಹುಟ್ದಾಗ ಮಗು ನೋಡೋಕೆ ಬಂದೋರ ಮೇಲೆ ಚೊಂಬು ಎಸ್ದಿದ್ಲು. ಅವಳನ್ನ ಯಾರಾದ್ರೂ ಹೊಲಕ್ಕೆ ಬಿಟ್ರಾ, ಕೇಳು."

ಸೂಲಿಬೆಲೆ ಬಸ್ಸು ಬಂತು. ಮೆಟ್ಟಿಲು ಹತ್ತುತ್ತಲೇ ಪ್ರಮೋದಾ ಮನೆಗೆ ಫೋನ್ ಮಾಡಿ, ಅತ್ತೆ "ಹಲೋ" ಅಂದ ಕೂಡಲೇ ಅದನ್ನು ಅಜ್ಜಿಯ ಕೈಗೆ ಕೊಟ್ಟುಬಿಟ್ಟಳು.