ಹೊರಳಿಸದ ತೊಗಲು

ಅರ್ಧಾ ಹಸಿ ಇದ್ದ ತೊಗಲು ಒತ್ತಾಯ ಮಾಡಿ ಒಯ್ದವ ಗೌಡ. ಅದು ಹರೀತು ಅಂತ ಕಳ್ಳ ಅನಿಸಿಕೊಂಡವ ನಮ್ಮ ಮಾವ. ಮೊದಲು ಇದನ್ನ ತಿಳಕೋರಿ, ಉಳಿದದ್ದು ಆಮ್ಯಾಲ ಹೇಳ್ತೀನಿ. ಇಲ್ಲ ಇಲ್ಲ, ಕೊಡಾ ಕೆಳಗ ಇಡಬ್ಯಾಡ್ರಿ, ತೊಡಿ ಮ್ಯಾಲೇ ಇಟಗೊಂಡು ಕುಂದ್ರಿ. ಮುಂಜಾನಿ ನಳಕ್ಕ ನೀರು ಬರಲಿಲ್ಲ ಅಂತ ನಳಾ ಬಿಡೋ ತಿಪ್ಪಣ್ಣನ ಮನಿ ಮುಂದ ನಿಂತು ಒದರಿ ಬಂದೀರಿ. ಅವನ ಹೇಣ್ತಿ ಬಾಗಿಲಾ ಹಾಕ್ಕೊಂಡು ಒಳಗ ಅಳಲಿಕತ್ತಾಳಂತ. ಅದನ್ನ ಕೇಳಿದ ಮ್ಯಾಲೇ ನಿಮ್ಮನ್ನ ಕರದು ಕುಂದ್ರಿಸೀನಿ. ನಮ್ಮ ಮಾವನ ಬಾಗಿಲ ಮುಂದೂ ಹಿಂಗೇ ಖಾಲಿ ಕೊಡಾ ಹಿಡಕೊಂಡು ನಿಂತಿದ್ರು, ನಮ್ಮ ಓಣಿಯವರೇ.

ನಾ ಹುಟ್ಟಿದ್ದು ಶಹಾಬಾದದಾಗ, ಕಲ್ಲಿನ ಖಣಿ ಮಗ್ಗಲಿಗೆ. ನಮ್ಮಪ್ಪ ಫರ್ಶಿ, ಅಂದ್ರ ಹಾಸುಗಲ್ಲು, ಒಡೀತಿದ್ದ. ಸಾಲಿ ಕಟ್ಟಿ ಏರಿದವಳಲ್ಲ ನಾ. ಸಿಮೆಂಟ ಚೀಲದ ಮ್ಯಾಲ ಬರದಿದ್ದ ಅಕ್ಷರದ ಮ್ಯಾಲ ಬೆರಳು ಆಡಿಸಿ ಆಡಿಸಿ ಓದಲಿಕ್ಕೆ ಕಲ್ತೀನಿ, ಅದಕ್ಕೇ ನಿಮ್ಮಂಗ ಮೆತ್ತಗ ಮಾತಾಡಲಿಕ್ಕೆ ಬರಂಗಿಲ್ಲ. ಲಗ್ನ ಆಗಿ ಸುಲೇಪೇಟದ ಆಚಿ ಒಂದು ಹಳ್ಳಿಗೆ ಬಂದೆ, ಆಗಿನ್ನಾ ಮೈಸೂರು ರಾಜ್ಯ ಅಂತಿದ್ರು. ನನ್ನ ಗಂಡ, ನಿಮ್ಮ ಮುತ್ಯಾ, ಶಹಾಬಾದದಾಗೇ ಖಣಿ ಕೆಲಸಕ್ಕ ಉಳಿದಿದ್ರು, ಸಂತಿ ದಿನಾ ಬರ್ತಿದ್ರು, ಒಮ್ಮೊಮ್ಮೆ ಅದೂ ಇಲ್ಲ. ಮನಿಯಾಗ ನಾ, ನಮ್ಮತ್ತಿ ಈರಮ್ಮ, ನಮ್ಮ ಮಾವ ಸಾಯಬಣ್ಣ. ಮಾವ ತೊಗಲು ಹದಾ ಮಾಡ್ತಿದ್ದ. ಊರಾಗ ದನಾ ಸತ್ರ ತೊಗಲು ನಮ್ಮ ಮನಿಗೆ ಬರ್ತಿತ್ತು. ಮೊದಲನೇ ದಿನಾ ಆ ವಾಸನಿಗೆ ನಾ ಸೆರಗು ಮೂಗಿಗಿ ಹಿಡದೆ. ಅತ್ತಿ ನಕ್ಕೊಂತ, "ಹಿಡಕೋ ಯವ್ವಾ, ಎಷ್ಟು ದಿನಾ ಹಿಡೀತಿ ನೋಡ್ತೀನಿ. ರೊಟ್ಟಿ ಬಡೀಲಿಕ್ಕೆ ಎರಡೂ ಕೈ ಬೇಕಾಗ್ತಾವ" ಅಂದ್ಲು.

ತೊಗಲು ಹದಾ ಮಾಡೋದು ಅಂದ್ರ ನೀರಿನ ಕೆಲಸ. ಎಲ್ಲಾರೂ ಚಾಕು ಚೂರಿ ಕೆಲಸ ಅಂದ್ಕೊಂಡಾರ. ಅಲ್ಲ, ನೀರು. ಹಿತ್ತಲದಾಗ ಒಂದು ಗುಂಡಿ ಇತ್ತು, ಒಳಗ ನಾಕೂ ಕಡೆ ಫರ್ಶಿ ನಿಲ್ಲಿಸಿದ್ದು. ಆ ಫರ್ಶಿ ನಮ್ಮಪ್ಪ ಲಗ್ನದಾಗ ಕೊಟ್ಟದ್ದು, ಬಂಗಾರದ ಬದಲಿ ಕಲ್ಲು ಕೊಟ್ಟ ಅಂತ ಎಲ್ಲಾರೂ ನಕ್ಕಿದ್ರು. ಅದರಾಗ ಸುಣ್ಣದ ನೀರು ಮಾಡಿ ತೊಗಲು ಮುಳುಗಿಸೋದು. ಕೂದಲು ಸಡಲಾದ ಮ್ಯಾಲ ದಿಮ್ಮಿ ಮ್ಯಾಲ ಹಾಕಿ ಹೆರಿಯೋದು. ಆಮ್ಯಾಲ ತೊಳಿಯೋದು, ತೊಳಿಯೋದು, ತೊಳಿಯೋದು. ಸುಣ್ಣ ಒಳಗ ಉಳೀತು ಅಂದ್ರ ತೊಗಲು ಕಟಕಟ ಅಂತ ಬಿರೀತದ. ಅದಾದ ಮ್ಯಾಲ ತಂಗಡಿ ಗಿಡದ ತೊಗಟಿ ಕುಟ್ಟಿ ನೆನೆಹಾಕಿದ ಕೆಂಪು ನೀರು. ದೊಡ್ಡ ತೊಗಲಾದ್ರ ಮಾವ ಅದನ್ನ ಚೀಲದಂಗ ಹೊಲದು, ಬಾಯಿ ಮ್ಯಾಲ ಮಾಡಿ ಬೇವಿನ ಗಿಡಕ್ಕ ತೂಗಹಾಕಿ, ಒಳಗ ಆ ಕೆಂಪು ನೀರು ತುಂಬ್ತಿದ್ದ. ನೀರು ತೊಗಲಿನ ಮೈಯಿಂದ ಬೆವರಿನಂಗ ಹೊರಗ ಬಂದು ತಟ್ ತಟ್ ಬೀಳ್ತದ. ಕೆಳಗ ಬುಟ್ಟಿ, ಅಲ್ಲ, ಬುಟ್ಟಿ ಎಲ್ಲಿ, ಮಣ್ಣಿನ ಗಡಗಿ ಇಟ್ಟು ಹಿಡದು ತಿರುಗಿ ಮ್ಯಾಲ ಸುರಿಯೋದು. ಅದು ನನ್ನ ಕೆಲಸ. ಕೆಳಗಿನ ಅರ್ಧ ಮೊದಲು ಹದಕ್ಕ ಬರ್ತದ. ಮ್ಯಾಲಿನ ಅರ್ಧ ಹಸೀದೇ ಇರ್ತದ. ಅದಕ್ಕ ಬಾಯಿ ಹೊಲದು, ಚೀಲಾ ತಲಿಕೆಳಗ ಹೊರಳಿಸಿ, ಇನ್ನೊಂದು ಕಡಿಂದ ಬಾಯಿ ಬಿಚ್ಚಿ ಮತ್ತ ತುಂಬಬೇಕು. ಹೊರಳಿಸೋತನಕ ಆ ತೊಗಲು ಅರ್ಧಾ ತೊಗಲು, ಅರ್ಧಾ ಹೆಣ. ಇದು ನೆಪ್ಪಿನ್ಯಾಗ ಇಡ್ರಿ.

ಆ ವರ್ಷ ಬ್ಯಾಸಗಿ ಜಲ್ದಿ ಬಂತು, ಹಳ್ಳ ಒಣಗ್ತು. ಊರಿಗೆ ನೀರು ಅಂದ್ರ ಗೌಡನ ಬಾವಿ ಒಂದೇ. ಎತ್ತು ಹೂಡಿ ತೊಗಲಿನ ಮೋಟದಾಗ, ಅಂದ್ರ ದೊಡ್ಡ ತೊಗಲಿನ ಚೀಲದಾಗ, ನೀರು ಎಳೀತಿದ್ರು. ಎತ್ತು ಹೊಡಿಯಾಂವ ಖಾಜಾಸಾಬ, ಭಾಳ ಸಾಧು ಮನಷ್ಯಾ. ಬಾವಿಗೆ ಒಂದು ಕಡೆ ಕಲ್ಲಿನ ಮೆಟ್ಟಿಲಾ ಇದ್ವು, ನೀರಿನ ತನಕಾ ಇಳಿಯಂಗ. ನಮ್ಮ ಓಣಿಯವರು ಅದರ ಮ್ಯಾಲ ಕಾಲಿಡಂಗಿಲ್ಲ. ಗೌಡನ ಮೆಣಸಿನಕಾಯಿ ತ್ವಾಟಕ್ಕ ಹೋಗೋ ನೀರಿನಾಗ ಖಾಜಾಸಾಬ ನಮ್ಮ ಕೊಡಕ್ಕ ಮ್ಯಾಲಿಂದ ಸುರೀತಿದ್ದ. ಸುರುವಿದ್ರ ಕುಡಿಬೇಕು, ಇಲ್ಲಂದ್ರ ಇಲ್ಲ. ಹಳೀ ಮೋಟ ಹರದು ತ್ಯಾಪಿ ಮ್ಯಾಲ ತ್ಯಾಪಿ ಆಗಿತ್ತು. ಅದೇ ಹೊತ್ತಿಗೆ ಗೌಡನ ಎಮ್ಮಿಕೋಣ ಸತ್ತಿತು. ತೊಗಲು ನಮ್ಮನಿಗೆ ಬಂತು. "ಸಾಯಬಣ್ಣಾ, ಹೊಸಾ ಮೋಟ ಜಲ್ದಿ ಆಗಬೇಕು" ಅಂದ ಗೌಡ, ದೂರ ನಿಂತು, ಧೋತರದ ಚುಂಗು ಮೂಗಿಗಿ ಹಿಡದು. ಮಾವ ಅಂದ, "ಆಗ್ತದ್ರಿ ಗೌಡ್ರ, ತೊಳಿಲಿಕ್ಕೆ ನೀರು ಕೊಡಸ್ರಿ." ಗೌಡ ಏನಂದ ಗೊತ್ತದೇನು? "ನಿಮಗ ಸುರೀತೀವಲ್ಲ, ಅದರಾಗೇ ತೊಳಕೋ."

ತೊಳದ್ವಿ. ನಮ್ಮ ಕುಡಿಯೋ ನೀರಿನಾಗೇ ತೊಳದ್ವಿ. ಅತ್ತಿ ಒಂದು ತಂಬಿಗಿ ಅಡಗಿಗಿ ಇಟಗೊಂಡು ಉಳಿದದ್ದು ತೊಗಲಿಗೆ ಸುರೀತಿದ್ಲು. ನಮಗ ನೀರು ಕೊಡೋ ಮೋಟ ಮಾಡಲಿಕ್ಕೆ ನಮ್ಮ ನೀರೇ ಖರ್ಚು ಮಾಡಿದ್ವಿ, ತಿಳೀತಿಲ್ಲೋ? ಚೀಲಾ ತೂಗಹಾಕಿದ್ವಿ. ಕೆಳಗಿನ ಅರ್ಧ ಹದಕ್ಕ ಬರೋದಕ್ಕ ಮೊದಲೇ ಗೌಡ ಹೇಳಿ ಕಳಿಸಿದ. ಹಳೀ ಮೋಟಕ್ಕ ತ್ರಾಣ ಇಲ್ಲ, ಎಳದ ನೀರು ತ್ವಾಟಕ್ಕೇ ಸಾಲವಲ್ದು, ಹೊಸಾ ಮೋಟ ಬರೋತನಕ ನಿಮ್ಮ ಓಣಿಗೆ ನೀರು ಬಂದ್. ಹೇಳಲಿಕ್ಕೆ ಬಂದವ ಖಾಜಾಸಾಬನೇ. ತಲಿ ಎತ್ತಲಿಲ್ಲ. "ನಂದೇನೂ ನಡೆಂಗಿಲ್ಲ ಬೇಟಿ, ನಾನೂ ಅವರ ರೊಟ್ಟಿ ತಿನ್ನಾಂವ" ಅಂದ.

ಈಗ ಕೇಳ್ರಿ. ನೀರು ಬಂದ್ ಮಾಡಿದವ ಗೌಡ. ಅವನ ವಾಡೆ ಎಲ್ಲಿ ಅದ ಅಂತ ಎಲ್ಲಾರಿಗೂ ಗೊತ್ತದ. ಓಣಿಯವರು ಎಲ್ಲಿಗೆ ಬಂದ್ರು? ನಮ್ಮ ಮನಿಗೆ! ಮಗ್ಗಲ ಮನಿ ಮಲ್ಲಮ್ಮ ಮುಂದ, ಸೊಂಟದ ಮ್ಯಾಲ ಕೊಡಾ, ಬೆನ್ನಿಗೆ ಅವಳ ಮಗಳು ಚಂದ್ರಿ. "ಸಾಯಬಣ್ಣ ಮಾವಾ, ಕೊಟ್ಟಬಿಡಪ್ಪಾ ಆ ಹಾಳಾದ ತೊಗಲು! ಏನು ಮದವಣಗಿತ್ತಿ ಶೃಂಗಾರ ಮಾಡಿದಂಗ ಮಾಡ್ತಿ?" ಮಾವ ಅಂದ, "ಇನ್ನಾ ಹೊರಳಿಸಿಲ್ಲವ್ವಾ. ಮ್ಯಾಲಿನ ಅರ್ಧ ಹಸಿ ಅದ." "ಹಸಿ ಇರಲಿ, ಹುರದದ್ದಿರಲಿ, ನೀರು ಎಳದ್ರ ಸಾಕು!" ಹಿಂದಿನವರೂ ಹಂಗೇ, ಕೊಡು ಕೊಡು ಅಂತ. ಮಾವ ಆ ಚೀಲಾ ನೋಡ್ಕೊಂತ ಕುಂತ.

ಆ ದಿನಗಳ ಸಂಕಟ ನಿಮಗ ಹ್ಯಾಂಗ ಹೇಳಲಿ. ಓಣಿ ಪೂರ್ತಿ ಗಂಟಲಾ ಒಣಗ್ಯಾದ, ಹೆಣ್ಣುಮಕ್ಕಳು ಮೈಲಿಗಟ್ಟಲೆ ಹೋಗಿ ಹಳ್ಳದ ಉಸುಕು ತೋಡಿ ತಂಬಿಗಿ ತಂಬಿಗಿ ತರಲಿಕತ್ತಾರ, ನಮ್ಮ ಬೇವಿನ ಗಿಡಕ್ಕ ತುಂಬಿದ ಚೀಲಾ ತೂಗಲಿಕತ್ತದ. ತಟ್ ತಟ್. ನೀರಿನ ಸಪ್ಪಳ. ಹುಡುಗರು ಬಂದು ಅದರ ಕೆಳಗ ನಿಂದ್ರೋವು, ಬಾಯಿ ತಕ್ಕೊಂಡು. ನಾ ಗಡಗಿ ಬಿಟ್ಟು ಅಲ್ಲಾಡಂಗಿಲ್ಲ. ಒಂದು ಕಣ್ಣು ಹುಡುಗರ ಮ್ಯಾಲ, ಒಂದು ಕಣ್ಣು ಚೀಲದ ಹೊಲಿಗಿ ಮ್ಯಾಲ, ಎಲ್ಲಿ ಬಿಚ್ಚತದೋ ಅಂತ. ನೀರು ತರಲಿಕ್ಕೆ ಒಳಗ ಹೋಗಿ, ನೀರು ಎಲ್ಲಿದು, ತೊಗಟಿ ತರಲಿಕ್ಕೆ, ಹೋಗಿ ಬರೋದ್ರಾಗ ಚಂದ್ರಿ ಗಡಗ್ಯಾಗ ಬಾಯಿ ಹಾಕಿತ್ತು. ತಂಗಡಿ ನೀರು ಅಂದ್ರ ಒಗರು, ನಾಲಿಗಿ ಚರ್ಮದಂಗ ಆಗ್ತದ. ಕೂಸು ಕಾರಿಕೊಂಡು ಕಾರಿಕೊಂಡು ಕಣ್ಣು ಮ್ಯಾಲ ಮಾಡ್ತು. ಮಲ್ಲಮ್ಮ ಓಡಿ ಬಂದು ಎದಿ ಎದಿ ಬಡಕೊಂಡು, "ನಿನ್ನ ಹದಾ ನನ್ನ ಕೂಸಿನ್ನ ತಿಂತೋ ಸಾಯಬಣ್ಣಾ!" ಅಂದ್ಲು. ಮಾವಾ ಅನಲಿಲ್ಲ ನೋಡ್ರಿ, ಬರೀ ಹೆಸರು. ಅತ್ತಿ ಅಡಗಿಗಿ ಇಟ್ಟ ತಂಬಿಗಿ ತಂದು ಕೂಸಿನ ಬಾಯಾಗ ಸುರದ್ಲು. ಚಂದ್ರಿ ಉಳೀತು. ಮಾವ ಎದ್ದ, ಗಿಡಾ ಹತ್ತಿದ, ಹಗ್ಗ ಬಿಚ್ಚಿದ. ಕೆಂಪು ನೀರು ಎಲ್ಲಾ ನೆಲಕ್ಕ ಹೋತು.

ಬಿಚ್ಚಿ ಹಾಸಿದ್ರ ಕೆಳಗಿನ ಅರ್ಧ ಕೆಂಪಗ, ಮ್ಯಾಲಿನ ಅರ್ಧ ಬೆಳ್ಳಗ. ಮಾವ ಗೌಡಗ ಖರೇ ಹೇಳಿದ. "ಗೌಡ್ರ, ಹಸಿ ಅರ್ಧ ಕತ್ತರಿಸಿ ಒಗೀತೀನಿ, ಸಣ್ಣ ಮೋಟ ಹೊಲ್ಕೊಡ್ತೀನಿ, ಮಳಿಗಾಲದ ತನಕಾ ನಡೀತದ." ಗೌಡ ಅಂದ, "ಸಣ್ಣ ಮೋಟದಾಗ ನನ್ನ ತ್ವಾಟಾ ನೆನೀತದೇನಲೇ? ಪೂರಾ ಹೊಲಿ." ಪೂರಾ ಹೊಲದ. ಬಾಯಿಗೆ ಕಬ್ಬಿಣದ ಬಳಿ ಕೂಡ್ರಿಸಿದ, ಎಣ್ಣಿ ಉಣಿಸಿದ, ಕೊಟ್ಟ.

ನೀರು ಬಂತು. ಓಣಿಯಾಗ ಹಬ್ಬ. ಮಲ್ಲಮ್ಮ ಮತ್ತ ಮಾವಾ ಅಂತ ಕರೀಲಿಕ್ಕೆ ಶುರು ಮಾಡಿದ್ಲು, ಬಿಸಿ ರೊಟ್ಟಿ ಕುಟ್ಟಿ ಮುಟಗಿ ಉಂಡಿ ಮಾಡಿ ತಂದ್ಲು. ಮಾವ ಮುಟ್ಟಲಿಲ್ಲ. ಬಾವಿ ಕಡೆ ಕಿವಿ ಹಚ್ಚಿ ಕೂಡ್ತಿದ್ದ. ಗಾಲಿ ಕಿರ್ ಅಂದಾಗೆಲ್ಲಾ ಉಸರು ಹಿಡೀತಿದ್ದ, ನೀರು ದಬ್ ಅಂತ ಸುರುವಿದ ಮ್ಯಾಲ ಬಿಡ್ತಿದ್ದ. ಅವನ ನೋಡಿ ನನಗೂ ಅದೇ ಚಟಾ ಹತ್ತಿತು. ರೊಟ್ಟಿ ಬಡಿಯೋ ಕೈ ನಿಲ್ಲೋದು, ಕಿರ್, ದಬ್, ಮತ್ತ ಬಡಿಯೋದು. ಹಸಿ ಅರ್ಧ ನೀರಿನಾಗ ಕೊಳೀಲಿಕತ್ತಿತ್ತು, ವಾಸನಿ ಬರ್ತದ ಅಂತ ಖಾಜಾಸಾಬ ಗುಟ್ಟಾಗಿ ಹೇಳಿದ್ದ. ಮಾವ ಮತ್ತೊಮ್ಮೆ ಗೌಡನ ಹತ್ರ ಹೋದ, ನಿಲ್ಲಸ್ರಿ ಅಂತ. ಅಂಗಳದಾಗೇ ಬೈಸ್ಕೊಂಡು ಬಂದ.

ಒಂದು ಮುಂಜಾನಿ ಕಿರ್ ಅಂತು, ದಬ್ ಅನಲಿಲ್ಲ. ಬಳಿ ಹತ್ರ ಹರದು ನೀರೆಲ್ಲಾ ತಿರುಗಿ ಬಾವಿಗೆ ಬಿದ್ದಿತ್ತು. ಭಾರ ತಪ್ಪಿದ ಎತ್ತು ಮೊಳಕಾಲು ಊರಿ ಬಿದ್ವು, ಹಗ್ಗದಾಗ ಸಿಕ್ಕು ಖಾಜಾಸಾಬನ ಕೈ ಮುರೀತು. ಗೌಡ ಆಳು ಕಟಗೊಂಡು ಬಂದ. "ಹರಾಮಖೋರ, ಛಲೋ ತೊಗಲು ನುಂಗಿ ಕೊಳತದ್ದು ಹೊಲ್ಕೊಟ್ಟಿ, ಕಳ್ಳ ನೀ!" ಅಂದ. ಆಳುಗಳು ಹಿತ್ತಲಕ್ಕ ನುಗ್ಗಿ ಗುಂಡ್ಯಾಗಿನ ಫರ್ಶಿ ಕಿತ್ತು ಕಬ್ಬಿಣದ ಹಾರೀಲೆ ಒಡದ್ರು. ನಮ್ಮಪ್ಪ ಕೊಟ್ಟ ಫರ್ಶಿ. ಓಣಿಯವರು ಅಲ್ಲೇ ನಿಂತಿದ್ರು. ಹಸಿ ಇದ್ರೂ ಕೊಡು ಅಂದವರೇ ಎಲ್ಲಾ. ಅವರು ಗಪ್ಪಗ ನಿಂತದ್ದು ನನಗ ಗೌಡನ ಬೈಗಳಕಿಂತ ಭಾಳ ಚುಚ್ಚಿತು.

ಮರುದಿನ ಅತ್ತಿ ಕೊಡಾ ತಗೊಂಡು ಹೊರಗ ಬಂದ್ಲು. "ಎಲ್ಲಿಗತ್ತೀ?" ಅಂದೆ. "ಮೆಟ್ಟಿಲಾ ಇಳೀಲಿಕ್ಕೆ" ಅಂದ್ಲು. ನಾನೂ ಕೊಡಾ ತಗೊಂಡು ಹಿಂದ ಹೋದೆ. ಮಲ್ಲಮ್ಮನ ಬಾಗಿಲದಾಗ ನಿಂತು ಅತ್ತಿ, "ನಮ್ಮ ಮನಿಗಿ ಬರಲಿಕ್ಕೆ ಗೊತ್ತಿತ್ತಲ್ಲ, ಈಗ ಅಲ್ಲಿಗಿ ಬಾ" ಅಂದ್ಲು. ಮಲ್ಲಮ್ಮ ಬಂದ್ಲು. ಅವಳ ಹಿಂದ ಇನ್ನೊಬ್ಬಾಕಿ, ಹಂಗೇ ಓಣಿ ಪೂರ್ತಿ. ಬಾವಿ ದಂಡಿಗೆ ಖಾಜಾಸಾಬ ಕೈ ಕೊರಳಿಗಿ ಕಟಗೊಂಡು ಕುಂತಿದ್ದ. "ನನ್ನ ಕಣ್ಣು ಮಬ್ಬು ಆಗ್ಯಾವ ಬೇಟಿ, ನನಗೇನೂ ಕಾಣಂಗಿಲ್ಲ. ಜಲ್ದಿ ಇಳೀರಿ" ಅಂದ. ನಾವು ಕೊಡಾ ಮುಳುಗಿಸೋದ್ರಾಗ ಗೌಡ ಮ್ಯಾಲ ಬಂದು ನಿಂತು ಬಾವಿ ಮೈಲಿಗಿ ಆತು ಅಂತ ಒದರಿದ. ಅತ್ತಿ ತಲಿ ಎತ್ತಿ, "ನಾವು ಹದಾ ಮಾಡಿದ ತೊಗಲಿನ ನೀರು ಇಷ್ಟು ವರ್ಷ ಕುಡದೀರಿ ಗೌಡ್ರ, ಆವಾಗ ಆಗಲಿಲ್ಲೇನು?" ಅಂದ್ಲು. ಅಷ್ಟು ಮಂದಿನ್ನ ಒಮ್ಮೆಲೇ ಏನು ಮಾಡ್ತಾನ ಅವ? ಆ ಮ್ಯಾಲ ನಮಗ ಯಾರೂ ನೀರು ಸುರುವಲಿಲ್ಲ, ನಾವೇ ತುಂಬಿಕೊಂಡ್ವಿ. ಆದ್ರ ಮಾವ ಮತ್ತ ತೊಗಲು ಮುಟ್ಟಲಿಲ್ಲ. ಗುಂಡಿ ಮುಚ್ಚಿದ. ಸಾಯೋತನಕ ಶಹಾಬಾದದಾಗ ಕಲ್ಲು ಹೊತ್ತ.

ಆ ಮೆಟ್ಟಿಲಾ ಮೊದಲಿಂದ ಅಲ್ಲೇ ಇದ್ವಲ್ಲ! ನೀರು ಬಂದ್ ಆದ ದಿನಾನೇ ಇಳದಿದ್ರ ತೊಗಲು ಹೊರಳಿಸಲಿಕ್ಕೆ ಟೈಮ್ ಸಿಗ್ತಿತ್ತು, ಖಾಜಾಸಾಬನ ಕೈ ಉಳೀತಿತ್ತು. ಈಗ ನೀರಿನ ಮೋಟಾರು ಸುಟ್ಟದ, ರಿಪೇರಿ ಮಾಡಸಲಾರದೇ ಕುಂತಾಂವ ಪಂಚಾಯ್ತಿ ಅಧ್ಯಕ್ಷ. ತಿಪ್ಪಣ್ಣ ಬರೀ ಚಾವಿ ತಿರುವಾಂವ. ಏಳ್ರಿ. ಕೊಡಾ ಎತ್ರಿ. ಮೊದಲು ತಿಪ್ಪಣ್ಣನ ಬಾಗಿಲಾ ಬಡೀರಿ, ತಪ್ಪಾತು ಅನ್ರಿ, ಅವನ್ನೂ ಅವನ ಹೇಣ್ತಿನ್ನೂ ಕರಕೋರಿ. ಎಲ್ಲಾರೂ ಕೂಡಿ ಆ ಅಧ್ಯಕ್ಷನ ಮನಿ ಮುಂದ ಹೋಗಿ ಕೂಡ್ರಿ. ನೀರು ಬರೋತನಕ ಏಳಬ್ಯಾಡ್ರಿ. ಹೂಂ, ನಡೀರಿ!