ಒಳಗೆ ಒಂದೇ ಇತ್ತಾ?

ಅಂಕೋಲೆಯಲ್ಲಿ ಮಧ್ಯಾಹ್ನ ಹಿಡಿದ ಮಳೆ ಸಂಜೆಯಾದರೂ ಬಿಟ್ಟಿರಲಿಲ್ಲ. ಕರೆಂಟು ಹೋಗಿತ್ತು. ಪಕ್ಕದ ಮನೆಯ ಕಲಾವತಿ ಮತ್ತು ಅವಳ ಮಗಳು ದೀಕ್ಷಾ ಭಾಗೀರಥಮ್ಮನ ಜಗುಲಿಗೆ ಬಂದು ಕೂತಿದ್ದರು. "ಅಜ್ಜೀ, ದೆವ್ವದ ಕತೆ ಹೇಳಿ" ಎಂದಳು ದೀಕ್ಷಾ. ಭಾಗೀರಥಮ್ಮನಿಗೆ ನಗು ಬಂತು. ಅವರಿಗೆ ಗೊತ್ತಿದ್ದದ್ದು ಒಂದೇ ಕತೆ. ಹೇಳುವಾಗೆಲ್ಲ ಮನಸ್ಸಿಗೆ ಹಿತವಾಗುತ್ತಿತ್ತು.

"ನಮ್ಮವ್ರು ಕಾರವಾರದ ಕಾಲೇಜಲ್ಲಿ ಫಿಸಿಕ್ಸ್ ಕಲಿಸ್ತಿದ್ರು, ಗೊತ್ತುಂಟಲ್ಲ... ಅವ್ರ ಹತ್ರ ಕಲಿತವ್ಳು ಕಿನ್ನರ ಊರಿನ ಅನಘಾ. ಜರ್ಮನಿಗೆ ಹೋಗಿ ಪರಮಾಣುವಿನ ಬೀಜ, ಅದೇ ನ್ಯೂಕ್ಲಿಯಸ್ಸು, ತೂಗೋ ಕೆಲ್ಸ ಹಿಡಿದ್ಲು. ಎಂಥಾ ಬೀಜ? ಹುಟ್ಟಿ ಕಣ್ಣು ಮಿಟುಕಿಸೋದ್ರೊಳಗೆ ಇಲ್ಲವಾಗೋ ಅಂಥದ್ದು! ಅದ್ನ ತಕ್ಕಡೀಲಿ ಇಡ್ಲಿಕ್ಕೆ ಆಗ್ತದಾ? ದೊಡ್ಡ ಅಯಸ್ಕಾಂತದೊಳಗೆ ಹಿಡಿದು ಗರಗರ ಸುತ್ತಿಸ್ತಾರಂತೆ. ಭಾರ ಇದ್ರೆ ನಿಧಾನ, ಹಗುರ ಇದ್ರೆ ಬೇಗ... ಆ ಸುತ್ತು ನೋಡಿ ತೂಕ ಹೇಳೋದು.

"ನಮ್ಮವ್ರು ತೀರ್ಕಂಡು ವರ್ಷ ತುಂಬಿತ್ತು. ಎರಡು ಸಾವಿರದ ಏಳರ ಮಳೆಗಾಲ, ಅವ್ಳು ರಜೆಗೆ ಬಂದಿದ್ಲು. ಅಲ್ಲಿ ತೂಗಿದ ಬೀಜ ಎಲ್ರೂ ಅಂದ್ಕಂಡಿದ್ದಕ್ಕಿಂತ ಭಾರ ಬಂದಿತ್ತಂತೆ. ಜೊತೆಯವ್ರಿಗೆ ಹಬ್ಬ! ಜಗತ್ತಿಗೇ ಹೇಳ್ಬೇಕು, ನೀ ಹೂಂ ಅನ್ನು ಅಂತ ಕಾಯ್ತಿದ್ರು. ಇವ್ಳಿಗೋ ಮನಸ್ಸು ಒಪ್ಪೂದಿಲ್ಲ. ತಪ್ಪಾದ್ರೆ ಮುಂದೆ ಇವ್ಳ ಮಾತು ಯಾರು ನಂಬ್ತಾರೆ ಹೇಳಿ? ಅದೇ ಯೋಚ್ನೇಲಿ, ನನ್ನ ಮಾತಾಡ್ಸಲಿಕ್ಕೆ ಅಂತ ಕಾರವಾರದಲ್ಲಿ ಬಸ್ ಹತ್ತಿದ್ಲು.

"ಬಸ್ಸು ಬಿಣಗಾ ಊರು ದಾಟಿತು... ಪಕ್ಕದಲ್ಲಿ ಕೂತವ್ರು ಕೇಳಿದ್ರಂತೆ, 'ತಂಗೀ, ಒಳಗೆ ಒಂದೇ ಇತ್ತಾ? ಜೊತೆಗೆ ಇನ್ನೊಂದು ಸೇರ್ಕಂಡಿತ್ತಾ?' ನಮ್ಮವ್ರು ಕ್ಲಾಸಲ್ಲಿ ಕೇಳ್ದಂಗೇ! ಇವ್ಳೂ 'ನೋಡ್ತೆ ಸರ್' ಅಂದ್ಬಿಟ್ಳು. ಸತ್ತವ್ರು ಅನ್ನೋದು ನೆನಪೇ ಆಗ್ಲಿಲ್ಲ... ಆಮೇಲೆ ತಿರುಗಿದ್ರೆ ಯಾರೂ ಇಲ್ಲ. ಕಿಟಕಿಯಿಂದ ಇರಚಲು ಹೊಡ್ದು ಸೀಟೆಲ್ಲ ಒದ್ದೆ. ಅವ್ರು ಕೂತಿದ್ದಷ್ಟು ಜಾಗ ಮಾತ್ರ ಒಣಗಿತ್ತು.

"ಇಲ್ಲಿ ಬಂದವ್ಳೇ ಜರ್ಮನಿಗೆ ಫೋನ್ ಮಾಡಿ, ಒಳಗೆ ಇನ್ನೊಂದು ಸೇರ್ಕಂಡಿತ್ತಾ ನೋಡಿ ಅಂದ್ಲು. ಅಲ್ಲಿಯವ್ರು ಮತ್ತೆ ತೂಗಿ ನೋಡಿದ್ರೆ... ಹೆಚ್ಚುಕಮ್ಮಿ ಅದೇ ತೂಕದ ಬೇರೆ ಬೀಜ ಒಳಗೆ ಸೇರ್ಕಂಡು ಸುತ್ತು ಕೆಡಿಸಿತ್ತು! ಅದ್ನ ಹೊರಹಾಕಿ, ಒಂದೊಂದನ್ನೇ ಬಿಟ್ಟು ತೂಗಿದ ಮೇಲೆ ಸರಿ ತೂಕ ಬಂತು. ಆ ಸುದ್ದಿ ಬಂದ ದಿನ ಅನಘಾ ನನ್ನ ತಬ್ಕಂಡು ಅತ್ಲು, ನಕ್ಲು. ನಾನೂ ನಕ್ಕೆ."

"ಹೆದ್ರಿಕೆ ಆಗ್ಲಿಲ್ವಾ ಅಜ್ಜಿ?" ದೀಕ್ಷಾ ತಾಯಿಯ ಕೈ ಹಿಡಿದುಕೊಂಡಿದ್ದಳು.

"ನಂಗೆಂತಕ್ಕೆ ಹೆದ್ರಿಕೆ? ಹೋದವ್ರು ಪೂರ್ತಿ ಹೋಗಿಲ್ಲ ಅಂತ ಗೊತ್ತಾಯ್ತಲ್ಲ."

ಗೇಟಿನ ಚಿಲಕದ ಸದ್ದಾಯಿತು. ಅಂಗಳದಲ್ಲಿ ಮಳೆಯ ಹೊರತು ಏನೂ ಕಾಣಲಿಲ್ಲ. ಭಾಗೀರಥಮ್ಮ ನಿಧಾನವಾಗಿ ಸೆರಗು ಸರಿಮಾಡಿಕೊಂಡರು.

"ದೀಕ್ಷಾ, ಸ್ವಲ್ಪ ಆಚೆ ಸರಿದು ಕೂತ್ಕ..." ಎಂದರು. "ಅವ್ರಿಗೆ ಜಾಗ ಬೇಕು."