ನಕಾಶಿಯೊಳಗಿನ ಐದನೇ ಸೊನ್ನಿ

ಬೆಳ್ಳಟ್ಟಿ ಊರು ಬಿಟ್ಟು ಹೊಲದ ಹಾದಿ ಹಿಡದ್ರ ಒಂದು ಹಳೇ ಬಾವಿ, ಅದರ ಮ್ಯಾಲೆ ಬಗ್ಗಿದ ಆಲದಮರ. ನೇತ್ರಾ ದಿನಾ ಕತ್ತಲಾದ ಮ್ಯಾಲೆ ಅದನ್ನ ದಾಟೇ ಮನಿಗೆ ಹೋಗಬೇಕು. ನಮ್ಮ ಹೊಲದ ಬಾಜೂಕ ಅವರ ಮನಿ. ಹೋದ ವರ್ಷ ಮೇ ತಿಂಗಳಾಗ ಆದದ್ದಿದು...

ಆಕಿ ಶಿಕ್ಷಕರ ಪರೀಕ್ಷಾಕ್ಕ ಓದತಿದ್ಲು. ಹವಾಮಾನದ ನಕಾಶಿ ಮಾತ್ರ ತಲಿಗೆ ಹತ್ತವಲ್ಲದು. ಅದಕ್ಕ ಸಂಜಿಕ ಪುಂಡಲೀಕಪ್ಪ ಕಾಕಾನ ಮನಿಗೆ ಹೋಗಿ ಕಲೀತಿದ್ಲು. ಕಾಕಾ ಹವಾಮಾನ ಕಚೇರಿಯೊಳಗ ದುಡದು ರಿಟೈರ್ ಆದಾಂವ. ಆತನ ತಂಗಿ ಮಗ ಕಳಕೇಶ ತನ್ನ ಅಂಗಡ್ಯಾಗ ಜಿಲ್ಲಾದ ನಕಾಶಿ ಝೆರಾಕ್ಸ್ ತಗದು ಕೊಡತಿದ್ದ. ಅದರ ಮ್ಯಾಲೆ ಕಾಕಾ ಪೆನ್ಸಿಲ್‌ನಿಂದ ನಾಕು ಸೊನ್ನಿ ಬರೀತಿದ್ದ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ.

"ಖಾಲಿ ಸೊನ್ನಿ ಅಂದ್ರ ಸ್ವಚ್ಛ ಆಕಾಶ. ಅರ್ಧ ಕರಿ ಅಂದ್ರ ಅರ್ಧ ಮೋಡ. ಬಾಲ ಯಾ ಕಡೆ ಐತೋ ಆ ಕಡಿಂದ ಗಾಳಿ. ತಿಳೀತೇನವಾ?"

ಒಂದಿನ ರಾತ್ರಿ ಮನ್ಯಾಗ ನಕಾಶಿ ಬಿಚ್ಚಿದ್ರ... ಐದು ಸೊನ್ನಿ. ಐದನೇದು ಬೆಳ್ಳಟ್ಟಿ ಬಾಜೂಕ, ಬರೋಬ್ಬರಿ ಆ ಬಾವಿ ಇದ್ದ ಜಾಗಾದಾಗ. ಖಾಲಿ ಸೊನ್ನಿ.

"ನಾ ನಾಕ ಬರದೀನಿ," ಅಂದ ಕಾಕಾ, ಮರುದಿನ ಆಕಿ ಕೇಳಿದಾಗ. ಮಾರಿ ಎತ್ತಲಿಲ್ಲ.

ನೇತ್ರಾನ ಸಂಶಯ ಹೋದದ್ದು ಕಳಕೇಶನ ಮ್ಯಾಲೆ. ಯುಗಾದಿ ಮುಂದ ಆಂವನ ಮನಿಯವರು ಹೆಣ್ಣು ಕೇಳಾಕ ಬಂದಾಗ ಆಕಿ ಒಲ್ಲೆ ಅಂದಿದ್ಲು. ಆ ಸಿಟ್ಟಿಗೆ ಅಂಜಸಾಕತ್ಯಾನ ಅಂತ ಆಕಿ ಲೆಕ್ಕ. ಆ ಸೊನ್ನಿ ರಬ್ಬರ್ ಹಚ್ಚಿ ಅಳಸಿದ್ಲು. ಎರಡನೇ ದಿನದ ಹೊಸಾ ಹಾಳಿಯೊಳಗ ಅದೇ ಜಾಗಾದಾಗ ಅರ್ಧ ಕರಿ. ಮೂರನೇ ದಿನ ಪೂರಾ ಕರಿ. ನಾಕನೇ ದಿನ ಕಾಕಾನ ಮನಿ ಹೊಸ್ತಲ ದಾಟೂಮುಂದನ ಹಾಳಿ ಬಿಚ್ಚಿದ್ಲು. ಕರೀ ಸೊನ್ನಿ ಬಾಜೂಕ ಗುಡುಗು ಸಿಡಿಲಿನ ಗುರುತು. ಕೆಳಗ ಸಣ್ಣಗ... ಎಂಟು ಅಂತ ಅಂಕಿ.

ಬಾವಿ ಹಂತೇಕ ಬಂದಾಗ ಎಂಟಕ್ಕ ಐದು ನಿಮಿಷ ಕಡಿಮಿ ಇತ್ತು. ಗಾಳಿ ಒಮ್ಮಿಗೇ ನಿಂತಿತು. ಆಲದ ಒಂದು ಎಲಿ ಸೈತ ಅಲುಗವಲ್ಲದು. ಬಾವಿ ಆಚೆ ಕಡಿಂದ ಸಪ್ಪಳ. ಕರ್... ಕರ್... ಒರಟು ಹಾಳಿ ಮ್ಯಾಲೆ ಪೆನ್ಸಿಲ್ ಎಳದಂಗ.

"ಕಳಕೇಶ, ಹೊರಗ ಬಾ. ನೀನ ಅಂತ ಗೊತ್ತೈತಿ."

ಸಪ್ಪಳ ನಿಂತಿತು.

ಆಗ ಹಿಂದಿನಿಂದ ಬೈಕಿನ ಬೆಳಕು ಬಿತ್ತು. ಇಳದಾಂವ ಕಳಕೇಶ. ಕೈಯಾಗ ಆಕಿ ಕಾಕಾನ ಮನ್ಯಾಗ ಮರತು ಬಂದ ಛತ್ರಿ.

"ಯಾರ ಜೋಡಿ ಮಾತಾಡಾಕತ್ತಿ?"

ಆಕಿ ಬಾವಿ ಕಡೆ ಬಟ್ಟು ಮಾಡಿ ತೋರಿಸಿದ್ಲು. ಆಚೆ ಕಡೆ ಮತ್ತ ಶುರು ಆತು. ಕರ್... ಕರ್... ಆಂವಗೂ ಕೇಳಿಸ್ತು. ಇಬ್ಬರೂ ನೋಡಿದ್ರು. ಬಾವಿಕಟ್ಟಿ ಹಿಂದ ಯಾರೂ ಕಾಣವಲ್ಲರು.

"ಗಾಡಿ ಹತ್ತು," ಅಂದ ಕಳಕೇಶ, ಪಿಸುದನಿಲೆ. "ಹಿಂದ ನೋಡಬ್ಯಾಡ."

ಮನಿ ಅಂಗಳದಾಗ ಕಾಲಿಟ್ಟಿದ್ರು, ಅಷ್ಟ. ಫಳ್ ಅಂತ ಬೆಳಕು, ಅದರ ಬೆನ್ನಿಗೇ ಕಿವಿ ಕಿತ್ತಂಗ ಸದ್ದು. ಆಲದಮರ ಎರಡು ಸೀಳಾತು. ಒಳಗ ಗಡಿಯಾರ ನೋಡಿದ್ರ ಎಂಟಕ್ಕ ಒಂದು ನಿಮಿಷ ಕಡಿಮಿ ಇರಲಿಲ್ಲ, ಹೆಚ್ಚೂ ಇರಲಿಲ್ಲ.

ಮುಂಜಾನೆ ನೇತ್ರಾ ಮೊದಲ ಕಳಕೇಶನ ಅಂಗಡಿಗೆ ಹೋದ್ಲು. "ನಿನ್ನ ಮ್ಯಾಲೆ ಸಂಶಯ ಪಟ್ಟೆ. ತಪ್ಪಾತು," ಅಂದ್ಲು. ಆಂವ ಅಂಗಡಿ ಬಾಗಲಾ ಹಾಕಿ ಆಕಿ ಜೋಡಿ ಕಾಕಾನ ಮನಿಗೆ ಹೊಂಟ.

ಕಾಕಾ ಚಹಾ ಕುಡಿಯಾಕತ್ತಿದ್ದ.

"ಬಾವಿ ಹಿಂದ ಯಾರೋ ಬರಿಯೂ ಸಪ್ಪಳ ಕೇಳಿಸ್ತ್ರಿ ಕಾಕಾ," ಅಂದ್ಲು ನೇತ್ರಾ. "ಇಬ್ಬರೂ ನೋಡಿದ್ರ ಯಾರೂ ಇಲ್ಲ. ಆಮ್ಯಾಲೆ ಸಿಡಿಲು ಬಿತ್ತು."

ಇಷ್ಟ ಹೇಳಿದ್ದು. ಒಂದು ಮಾತು ಹೆಚ್ಚಿಲ್ಲ.

ಕಾಕಾ ಚಹಾದ ಕಪ್ಪು ಕೆಳಗಿಟ್ಟ. ಆಮ್ಯಾಲೆ ಸಾವಕಾಶ ಕೇಳಿದ...

"ಆಕಿ ಮಾರಿ ತೋರಿಸಲಿಲ್ಲ, ಹೌದಲ್ಲೋ?"

ಇದು ಖರೆ. ಇಬ್ಬರೂ ಬೆಳ್ಳಟ್ಟಿಯೊಳಗ ಅದಾರ, ಹೋಗಿ ಕೇಳ್ರಿ. ಹೆಣ್ಣು ಅಂತ ಅವರು ಅಂದಿರಲೇ ಇಲ್ಲ.